ಕೇಳಿಹೇಳಕ್ಕನ ಏಳು ನಿಮಿಷ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡೋಣ, ನೀವೇ ಹೇಳಿ. ಬಸ್ಸು ಸಿಕ್ಕವರಿಂದಲೋ, ಬಸ್ಸು ತಪ್ಪಿದವರಿಂದಲೋ?

ಸದ್ಯಕ್ಕೆ ಗಟ್ಟಿಯಾಗಿರುವುದು ಇಷ್ಟು: ಒಂದು ಬಸ್ ನಿಲ್ದಾಣ. ಹನ್ನೆರಡು ಪ್ಲಾಟ್‌ಫಾರಂ. ಒರಗಿ ಕೂತವರ ಬೆನ್ನಿಗೆ ತೂತುಗಳ ಅಚ್ಚೊತ್ತಿ ಕಳಿಸುವ ಕಬ್ಬಿಣದ ಬೆಂಚುಗಳು. ಗೇಟಿನ ಪಕ್ಕದಲ್ಲಿ ಒಂದು ಗಾಜಿನ ಕಿಟಕಿ, ಅದರ ನಡುವೆ ಅರ್ಧಚಂದ್ರದಂಥ ಕಿಂಡಿ, ಮೇಲೆ ‘ವಿಚಾರಣೆ’ ಎಂಬ ಬೋರ್ಡು. ಕಿಂಡಿಯಾಚೆ ಒಂದು ಮೈಕು, ಒಂದು ಫೋನು, ನಲವತ್ತಾರು ವರ್ಷದ ಒಬ್ಬ ಹೆಂಗಸು. ಎದುರಿನ ಬೆಂಚಿನ ಮೇಲೆ ನೋಟ್‌ಬುಕ್ ಹಿಡಿದು ನಾನು.

ಮೊದಲ ಡ್ರಾಫ್ಟು ಹೀಗೆ ಶುರುವಾಗಿತ್ತು: ‘ಆಕೆ ಶೂನ್ಯವನ್ನೇ ದಿಟ್ಟಿಸುತ್ತ ಕುಳಿತಿದ್ದಳು.’

[ಹೊಡೆದುಹಾಕಿದೆ. ಬಸ್ ನಿಲ್ದಾಣದಲ್ಲಿ ಶೂನ್ಯ ಎಲ್ಲಿ ಸಿಗಬೇಕು? ದಿಟ್ಟಿಸಲು ಹೊರಟರೆ ನಡುವೆ ಮೂರು ಬಸ್ಸು, ಎಂಟು ಸೂಟ್‌ಕೇಸು ಅಡ್ಡ ಬರುತ್ತವೆ.]

ಎರಡನೆಯದು: ‘ಸಾರಿಗೆ ಸಂಸ್ಥೆಯ ಮುಂಚೂಣಿ ಸಿಬ್ಬಂದಿಯ ಸಬಲೀಕರಣದ ದಿಸೆಯಲ್ಲಿ ಈ ಮೂಲಕ ತಿಳಿಯಪಡಿಸುವುದೇನೆಂದರೆ...’

[ಬೇಡ. ‘ಏನೆಂದರೆ’ ಬರುವಷ್ಟರಲ್ಲಿ ನೀವು ಎದ್ದು ಚಹಾ ಕುಡಿಯಲು ಹೋಗಿರುತ್ತೀರಿ.]

ಮೂರನೆಯದರಲ್ಲಿ ಆಕೆಯನ್ನು ಅಳಿಸಿದೆ. ಎರಡು ಸಾಲು ಅತ್ತಳು. ಮೂರನೇ ಸಾಲಿಗೆ ತಲೆಯೆತ್ತಿ, ಕಿಂಡಿಗೆ ಬಾಯಿ ತಂದು ಕೇಳಿದಳು: “ಯಾಕ್ರೀ ಅಳ್ಬೇಕು ನಾನು?”

“ಅಧಿಕಾರವಿಲ್ಲದ ನೌಕರಳೊಬ್ಬಳ ಒಳಗುದಿ...” ಎಂದೆ.

“ಕುದಿಯೂ ಇಲ್ಲ, ಗಿದಿಯೂ ಇಲ್ಲ. ನನಗೆ ನೋಯೋದು ಗಂಟಲು. ದಿನಕ್ಕೆ ಆರುನೂರು ಸಲ ಒಂದೇ ಮಾತು ಹೇಳಿ ನೋಡಿ, ಗೊತ್ತಾಗುತ್ತೆ. ಬರೆಯೋದಿದ್ರೆ ಅದನ್ನ ಬರೀರಿ.”

ಸರಿ, ಅದನ್ನೇ ಬರೆಯುತ್ತೇನೆ. [ಪಾತ್ರಗಳು ಹೀಗೆ ಎದುರು ಮಾತಾಡಬಾರದು ಎಂದು ನನಗೂ ಗೊತ್ತು. ಆದರೆ ಕಿಟಕಿಯ ಮುಂದೆ ಯಾರು ಬಂದು ನಿಂತರೂ ಉತ್ತರ ಕೊಡುವುದು ಈಕೆಗೆ ಹತ್ತೊಂಬತ್ತು ವರ್ಷಗಳ ಅಭ್ಯಾಸ.]

೨

ಆ ಒಂದೇ ಮಾತು ಯಾವುದೆಂದರೆ, “ಕೇಳಿ ಹೇಳ್ತೀನಿ.”

ಬೆಟ್ಟದೂರಿನ ಬಸ್ಸು ಎರಡು ನಿಮಿಷ ನಿಲ್ಲಿಸ್ತೀರಾ, ನಮ್ಮಮ್ಮ ಮೆಟ್ಟಿಲು ಇಳೀತಿದಾಳೆ? ಕೇಳಿ ಹೇಳ್ತೀನಿ. ಕೊಡೆ ಬಸ್ಸಲ್ಲೇ ಬಿಟ್ಟೆ, ಡ್ರೈವರಿಗೆ ಫೋನ್ ಮಾಡ್ತೀರಾ? ಕೇಳಿ ಹೇಳ್ತೀನಿ. ಈ ಬೆಂಚು ಸ್ವಲ್ಪ ನೆರಳಿಗೆ ಎಳ್ಕೊಳ್ಳಬಹುದಾ? ಕೇಳಿ ಹೇಳ್ತೀನಿ.

ಕೇಳಬೇಕಾದವರು ಮಹಡಿಯ ಮೇಲಿದ್ದರು. ಆಕೆ ಫೋನೆತ್ತುತ್ತಿದ್ದಳು. ಮೇಲಿನವರು ಅವರಿಗಿಂತ ಮೇಲಿನವರನ್ನು ಕೇಳುತ್ತಿದ್ದರು. ಅಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಬಸ್ಸಿನ ಹೊಗೆ ಇನ್ನೂ ಕರಗುವ ಮೊದಲೇ ಮೇಲಿನಿಂದ ಉತ್ತರ ಬರುತ್ತಿತ್ತು: ‘ಆಗಬಹುದು, ನಿಲ್ಲಿಸಿ.’

ಹೀಗಾಗಿ ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಆಕೆಗೆ ಇಟ್ಟ ಹೆಸರು ಕೇಳಿಹೇಳಕ್ಕ. ಆಕೆಗೆ ಅದರಿಂದ ಬೇಸರವೇನೂ ಇರಲಿಲ್ಲ. ಕೇಳಿ ಹೇಳುವುದರಲ್ಲಿ ಒಂದು ಬೆಚ್ಚಗಿನ ಸುಖವಿದೆ. ಸರಿಯಾದರೆ ಸರಿ, ತಪ್ಪಾದರೆ ತಪ್ಪು ಮಹಡಿಯ ಮೇಲಿನದು.

ಮನೆಯಲ್ಲೂ ಅಷ್ಟೇ. ಅಲ್ಲಿನ ಹೆಡ್ ಆಫೀಸು ಅತ್ತೆ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ತೀರಾ ಸಾಧು. “ಈ ಭಾನುವಾರ ಸಿನಿಮಾಕ್ಕೆ ಹೋಗೋಣ್ವಾ?” ಎಂದು ಅವನು ಪಿಸುಗುಟ್ಟಿದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಅಡುಗೆಮನೆಯ ಕಡೆ ತಿರುಗಿ ನೋಡುತ್ತಿದ್ದರು. ಒಳಗಿನಿಂದ ಪಾತ್ರೆಯ ಸದ್ದಿನ ಜೊತೆಗೇ ತೀರ್ಪು ಬರುತ್ತಿತ್ತು: “ಮುಂದಿನ ಭಾನುವಾರ!”

ಅತ್ತೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ. [ನಾನು ಬರುವುದೇನು, ಅವರೇ ನುಗ್ಗಿ ಬರುತ್ತಾರೆ.]

೩

ಹೊಸ ಮ್ಯಾನೇಜರ್ ಬಂದದ್ದು ಒಂದು ಸೋಮವಾರ. ಮೂವತ್ತನಾಲ್ಕರ ಹೆಂಗಸು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿಯುವವಳು. ಮೊದಲ ದಿನ ಅವಳು ತನ್ನ ಕೋಣೆಗೆ ಹೋಗಲೇ ಇಲ್ಲ. ಬೆಂಚಿನ ಮೇಲೆ ಕೂತು, ಹೊರಟ ಬಸ್ಸಿನ ಹಿಂಬದಿಯನ್ನು ಕಂಡು ಕೈಚೆಲ್ಲಿ ನಿಂತವರು ಎಷ್ಟು ಜನ ಎಂದು ಎಣಿಸಿದಳು. ಹದಿನೇಳು ಜನ. ಅವರಲ್ಲಿ ಒಂಬತ್ತು ಜನ ಅದಕ್ಕೂ ಮೊದಲೇ ಕಿಟಕಿಗೆ ಬಂದು ಬೇಡಿಕೊಂಡಿದ್ದರು.

ಬುಧವಾರ ಅರ್ಧ ಪುಟದ ಆದೇಶ ಹೊರಬಿತ್ತು. ‘ವಿಚಾರಣೆ ಕಿಟಕಿಯಲ್ಲಿರುವವರು ಇಂದಿನಿಂದ ತಮ್ಮ ಸ್ವಂತ ವಿವೇಚನೆಯ ಮೇಲೆ ಯಾವುದೇ ಬಸ್ಸನ್ನು ಏಳು ನಿಮಿಷದವರೆಗೆ ತಡೆಯಬಹುದು. ಯಾರನ್ನೂ ಕೇಳಬೇಕಾಗಿಲ್ಲ. ಕಾರಣವನ್ನು ಆಮೇಲೆ ಪುಸ್ತಕದಲ್ಲಿ ಒಂದು ಸಾಲು ಬರೆದರೆ ಸಾಕು.’

[ಏಳೇ ಯಾಕೆ ಎಂದು ನೀವು ಕೇಳಬಹುದು. ಮೊದಲು ಐದು ಎಂದು ಬರೆದಿದ್ದೆ, ಜಿಪುಣತನ ಅನಿಸಿತು. ಹತ್ತು ಬರೆದೆ, ಡ್ರೈವರುಗಳೆಲ್ಲ ನನ್ನ ಬೆಂಚಿನ ಸುತ್ತ ಬಂದು ನಿಂತರು.]

ಕೇಳಿಹೇಳಕ್ಕ ಆ ಕಾಗದವನ್ನು ಮೂರು ಸಲ ಓದಿ, ಮಡಚಿ, ಫೋನಿನ ಕೆಳಗಿಟ್ಟಳು. ಆಮೇಲೆ ಹನ್ನೊಂದು ದಿನ ಅದನ್ನು ಮುಟ್ಟಲಿಲ್ಲ. ಯಾರಾದರೂ ಬಂದು ಬಸ್ಸು ನಿಲ್ಲಿಸಿ ಎಂದರೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಮೇಲೆ ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದೆಂದು ಮ್ಯಾನೇಜರ್ ಹೇಳಿಟ್ಟಿದ್ದಳು. ರಾತ್ರಿ ಊಟಕ್ಕೆ ಕೂತರೂ ಆಕೆ ಬಸ್ಸುಗಳನ್ನೇ ಎಣಿಸುತ್ತಿದ್ದಳು. ನಿಲ್ಲಿಸದೆ ಹೋದ ಬಸ್ಸುಗಳೆಲ್ಲ ಈಗ ಆಕೆಯೇ ಬಿಟ್ಟ ಬಸ್ಸುಗಳಾಗಿಬಿಟ್ಟಿದ್ದವು.

ಹನ್ನೆರಡನೇ ದಿನ ಮಹಡಿ ಹತ್ತಿದಳು.

“ಮೇಡಂ, ಇದನ್ನ ವಾಪಸ್ ತಗೊಳ್ಳಿ.”

“ಯಾವುದನ್ನ?”

“ಈ ಅಧಿಕಾರಾನ. ನಂಗೆ ಆಗಿಬರಲ್ಲ.”

ಮ್ಯಾನೇಜರ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಗಂಭೀರವಾಗಿ ಹೇಳಿದಳು: “ವಾಪಸ್ ತಗೊಳ್ಳೋ ಅಧಿಕಾರ ನಂಗಿಲ್ವಲ್ಲಾ. ಮೇಲಿನವರನ್ನ ಕೇಳಿ ಹೇಳ್ತೀನಿ.”

ಕೇಳಿಹೇಳಕ್ಕ ನಗಬಾರದು ಎಂದುಕೊಂಡಳು. ಆಗಲಿಲ್ಲ. ನಕ್ಕ ಮೇಲೆ ನಿಜ ಹೊರಬಿತ್ತು.

“ತಪ್ಪಾದ್ರೆ ಮೇಡಂ? ಆಗ ಕುತ್ತಿಗೆ ನನ್ನದೇ ಅಲ್ವಾ?”

“ತಪ್ಪಾಗುತ್ತೆ. ಆಗದೆ ಅಭ್ಯಾಸ ಹೇಗೆ ಬರುತ್ತೆ? ಮೂರು ತಿಂಗಳು ನೀವು ಬರೆದ ಕಾರಣ ಓದ್ತೀನಿ, ಒಂದು ಮಾತೂ ಬಯ್ಯಲ್ಲ. ಮೇಲಿಂದ ಬೈಗುಳ ಬಂದ್ರೆ ಅದು ನನ್ನ ಟೇಬಲ್ ಮೇಲೇ ನಿಲ್ಲುತ್ತೆ, ನಿಮ್ಮ ಕಿಟಕಿಗೆ ಇಳಿಯಲ್ಲ. ಸಾಕಾ?”

ಸಾಕಾಗಿರಲಿಲ್ಲ. ಆದರೂ ಇಳಿದು ಬಂದಳು.

೪

ಈಗ ಗಡಿಯಾರನನ್ನು ಪರಿಚಯಿಸಬೇಕು. ಇವನು ಗೋಡೆಯ ಗಡಿಯಾರವಲ್ಲ, ಬೆಟ್ಟದೂರಿಗೆ ಹೋಗುವ ಹದಿನಾಲ್ಕನೇ ನಂಬರಿನ ಡ್ರೈವರ್. ಎಡಗೈಗೊಂದು, ಬಲಗೈಗೊಂದು ವಾಚು ಕಟ್ಟುತ್ತಿದ್ದ. “ಒಂದು ಸುಳ್ಳು ಹೇಳಬಹುದು, ಎರಡೂ ಸೇರಿ ಹೇಳಲ್ಲ” ಎನ್ನುತ್ತಿದ್ದ. ಸಂಜೆ ನಾಲ್ಕು ಹತ್ತಕ್ಕೆ ಹೊರಡುವ ಅವನ ಬಸ್ಸೇ ಬೆಟ್ಟದೂರಿಗೆ ಆ ದಿನದ ಕೊನೆಯದು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವನು ನಾಲ್ಕು ಹನ್ನೊಂದು ಮಾಡಿರಲಿಲ್ಲ.

ಆ ಶುಕ್ರವಾರ ನಾಲ್ಕು ಒಂಬತ್ತಕ್ಕೆ, ದೊಡ್ಡ ಸೂಟ್‌ಕೇಸು ಹಿಡಿದು ಗೇಟಿನಿಂದ ಒಬ್ಬ ಮನುಷ್ಯ ಓಡಿ ಬಂದ. ಕೆದರಿದ ಕೂದಲು, ಬಾಗಿದ ಮೈ, ಮುಖದಲ್ಲಿ ಲೋಕವೇ ಮುಳುಗಿಹೋಗುವಂಥ ಕಳವಳ. ಕೇಳಿಹೇಳಕ್ಕನ ಕೈ ಫೋನಿಗೆ ಹೋಯಿತು, ಹಿಂದೆ ಬಂತು, ಮೈಕಿಗೆ ಹೋಯಿತು.

“ಹದಿನಾಲ್ಕು! ನಿಲ್ಲಿ! ನಿಲ್ಲೀಂದ್ರೆ!”

ಹೊರಟ ಬಸ್ಸು ಗಕ್ಕನೆ ನಿಂತಿತು. ಐವತ್ತೆರಡು ತಲೆ ಕಿಟಕಿಗಳಿಂದ ಹೊರಬಂದವು. ಸೂಟ್‌ಕೇಸಿನವನು ಓಡಿದ, ಓಡಿದ, ಹದಿನಾಲ್ಕನೇ ನಂಬರನ್ನು ದಾಟಿ ಓಡಿದ, ಮೂಲೆಯಲ್ಲಿದ್ದ ಶೌಚಾಲಯದೊಳಗೆ ನುಗ್ಗಿ ಬಾಗಿಲು ಹಾಕಿಕೊಂಡ.

ಬಸ್ಸು ಕಾದಿತು. ಆರನೇ ನಿಮಿಷಕ್ಕೆ ಅವನು ಮುಖ ಅರಳಿಸಿಕೊಂಡು ಹೊರಬಂದ. ಇಡೀ ಬಸ್ಸು ತನ್ನನ್ನೇ ನೋಡುತ್ತಿರುವುದು ಕಂಡು, ಯಾಕೋ ಏನೋ, ಎಲ್ಲರಿಗೂ ಪ್ರೀತಿಯಿಂದ ಕೈಬೀಸಿ, ಬೇರೆ ಊರಿನ ಬಸ್ಸಿಗೆ ಕಾಯಲು ಬೆಂಚಿನ ಮೇಲೆ ಕೂತ. ಗಡಿಯಾರ ಎರಡೂ ಮುಂಗೈಗಳನ್ನು ಕಿಟಕಿಯತ್ತ ಎತ್ತಿ ತೋರಿಸಿ, ಗೇರು ಹಾಕಿದ.

ಆಕೆ ಪುಸ್ತಕದಲ್ಲಿ ಬರೆದಳು: ‘ಕಾರಣ: ಪ್ರಯಾಣಿಕರು ಓಡಿ ಬರುತ್ತಿದ್ದರು. ಆರು ನಿಮಿಷ ತಡೆಯಲಾಯಿತು. ಅವರ ಅವಸರ ಬೇರೆಯದಾಗಿತ್ತು.’

[ದುರಂತಕ್ಕೆ ಇದಕ್ಕಿಂತ ಒಳ್ಳೆ ಜಾಗ ಸಿಗದು. ಮ್ಯಾನೇಜರ್ ಮಾತು ಮುರಿಯುತ್ತಾಳೆ, ಆದೇಶ ಹರಿಯುತ್ತಾಳೆ, ಕೇಳಿಹೇಳಕ್ಕ ಮತ್ತೆ ಫೋನಿಗೆ ಮರಳುತ್ತಾಳೆ. ಒಂದೂವರೆ ಪುಟ ಬರೆದೆ, ಚೆನ್ನಾಗಿಯೇ ಬಂದಿತ್ತು. ಆದರೆ ಮಹಡಿಯಿಂದ ನಗು ಕೇಳಿಸಿತು. ಬರೆದದ್ದನ್ನು ಮಡಚಿ ಜೇಬಿಗೆ ಹಾಕಿಕೊಂಡೆ.]

ಹೌದು, ಮ್ಯಾನೇಜರ್ ನಗುತ್ತಿದ್ದಳು. ಪುಸ್ತಕ ಕೆಳಗೆ ಬಂದಾಗ ಆ ಸಾಲಿನ ಪಕ್ಕದಲ್ಲಿ ಅವಳ ಸಹಿ, ಸಹಿಯ ಪಕ್ಕದಲ್ಲಿ ಮೂರು ಪದ: ‘ಅವಸರ ನಿಜವೇ ತಾನೆ.’

ಆ ಸಂಜೆ ಕೇಳಿಹೇಳಕ್ಕ ಮನೆಯಲ್ಲಿ ಮೊದಲ ಸಲ ಕೆಲಸದ ಕಥೆ ಹೇಳಿದಳು. ಗಂಡನಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ಅತ್ತೆ ಮಾತ್ರ ಯೋಚಿಸಿ ಹೇಳಿದರು: “ಪಾಪ, ತನಗೋಸ್ಕರ ಐವತ್ತೆರಡು ಜನ ಕಾದ್ರು ಅಂತ ಆ ಮನುಷ್ಯನಿಗೆ ಗೊತ್ತೇ ಆಗ್ಲಿಲ್ಲ ನೋಡು.”

೫

ತಪ್ಪು ಮಾಡಿಯೂ ಬದುಕಿದ್ದೇನೆ ಎಂದು ತಿಳಿದ ಮನುಷ್ಯರ ಮುಖ ನೋಡಬೇಕು ನೀವು. ಕೇಳಿಹೇಳಕ್ಕನಿಗೆ ಕಣ್ಣು ಹೊಸದಾಗಿ ಬಂದಂತಾಯಿತು. ಬಸ್ಸಿಗೆ ಓಡುವವರು ಬಸ್ಸನ್ನು ನೋಡಿಕೊಂಡು ಓಡುತ್ತಾರೆ, ಶೌಚಾಲಯಕ್ಕೆ ಓಡುವವರು ನೆಲ ನೋಡಿಕೊಂಡು ಓಡುತ್ತಾರೆ ಎಂದು ಎರಡೇ ದಿನದಲ್ಲಿ ಕಂಡುಕೊಂಡಳು. ಬರುವ ಬಸ್ಸಿನ ಕಂಡಕ್ಟರಿಗೆ ತಾನೇ ಫೋನ್ ಮಾಡಿ, ಮುಂದಿನ ಬಸ್ಸು ಹಿಡಿಯುವವರು ಎಷ್ಟು ಜನ ಇದ್ದಾರೆಂದು ಮೊದಲೇ ಕೇಳಿಟ್ಟುಕೊಂಡಳು. ಕಸ ಗುಡಿಸುವವಳು ದೂರದ ಗೇಟಿನಿಂದ ಪೊರಕೆ ಎತ್ತಿದರೆ ಯಾರೋ ಕುಂಟುತ್ತ ಬರುತ್ತಿದ್ದಾರೆ ಎಂದರ್ಥ. ಬೆಂಚುಗಳು ನೆರಳಿಗೆ ಸರಿದವು. ಬಿಟ್ಟುಹೋದ ಕೊಡೆಗಳು ಮರುದಿನದ ಬಸ್ಸಿನಲ್ಲಿ ಊರಿಗೆ ಹೊರಟವು.

ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಮೈಕು. ಮೊದಲು ಅದು ಮೂಗಿನಲ್ಲಿ ನಂಬರು ಹೇಳುತ್ತಿತ್ತು. ಈಗ ಕಾರಣವನ್ನೂ ಹೇಳತೊಡಗಿತು. “ಮೂವತ್ತನೇ ನಂಬರಿನವರೇ, ಮೂರು ನಿಮಿಷ ಕ್ಷಮಿಸಿ. ಒಬ್ಬ ಅಜ್ಜಿ ಬರ್ತಿದಾರೆ. ಅವರು ಅವಸರದಲ್ಲೇ ಇದಾರೆ, ಕಾಲಿಗೆ ಅದು ಗೊತ್ತಾಗ್ತಿಲ್ಲ.” ಬಸ್ಸಿನೊಳಗಿಂದ ನಗು. ಅಜ್ಜಿ ಹತ್ತಿದಾಗ ಚಪ್ಪಾಳೆ. ಕಾದವರಿಗೆ ತಾವು ಕಾದದ್ದು ಯಾರಿಗಾಗಿ ಎಂದು ಗೊತ್ತಾದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಇನ್ನರ್ಧ ಇಳಿಯದವರೂ ಇದ್ದರು, ಕಿಟಕಿಗೆ ಬಂದು ಬೈದೇ ಹೋಗುತ್ತಿದ್ದರು. ಆಕೆ ಕೇಳಿಸಿಕೊಳ್ಳುತ್ತಿದ್ದಳು. ಈಗ ಬೈಗುಳವೂ ಆಕೆಯದೇ.

ಎರಡನೇ ತಿಂಗಳಲ್ಲಿ ಹೆಡ್ ಆಫೀಸಿನಿಂದ ಒಂದು ಪ್ರಶ್ನಾವಳಿ ಬಂತು. ‘ಅಧಿಕಾರ ನೀಡಿದ ನಂತರ ನಿಮ್ಮ ಕಾರ್ಯಕ್ಷಮತೆಯಲ್ಲಿ ಆದ ವ್ಯತ್ಯಾಸವನ್ನು ಒಂದರಿಂದ ಐದರೊಳಗಿನ ಅಂಕಿಯಲ್ಲಿ ಸೂಚಿಸಿ.’ ಆಕೆ ಅಂಕಿಗಳನ್ನು ಬಿಟ್ಟು ಅಂಚಿನಲ್ಲಿ ಬರೆದಳು: ‘ಮೊದಲು ಮನೆಗೆ ಹೋದಾಗ ಗಂಟಲು ನೋಯುತ್ತಿತ್ತು. ಈಗ ಓಡಾಡಿ ಕಾಲು ನೋಯುತ್ತದೆ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.’

[ಆ ಪ್ರಶ್ನಾವಳಿಯ ಫಲಿತಾಂಶವನ್ನು ಗ್ರಾಫು ಸಮೇತ ಇಲ್ಲಿ ಕೊಡುವ ಯೋಚನೆಯಿತ್ತು. ‘ಕಾಲು’ ಎಂಬುದಕ್ಕೆ ಗ್ರಾಫಿನಲ್ಲಿ ಜಾಗ ಸಿಗಲಿಲ್ಲ.]

೬

ಇಷ್ಟು ಸುಖವಾಗಿ ಹೋಗುತ್ತಿರುವ ಕಥೆಯನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಒಂದು ಮಂಗಳವಾರ ಕೇಳಿಹೇಳಕ್ಕನಿಗೆ ಉತ್ಸಾಹ ಹೆಚ್ಚಾಗಿ ಒಂದೇ ಹೊತ್ತಿಗೆ ನಾಲ್ಕು ಬಸ್ಸು ತಡೆದಳು. ಹಿಂದಿನಿಂದ ಬಂದ ಬಸ್ಸಿಗೆ ನುಗ್ಗಲು ಜಾಗವಿಲ್ಲ, ಮುಂದಿನದಕ್ಕೆ ಹೊರಡಲು ಅಪ್ಪಣೆಯಿಲ್ಲ. ಹಾರನ್ನುಗಳ ಗದ್ದಲದ ನಡುವೆ ಗಡಿಯಾರ ಬಸ್ಸಿನಿಂದಿಳಿದು ಕಿಟಕಿಗೆ ಬಂದ.

“ಅಕ್ಕಾ, ನಿನಗೆ ಕೊಟ್ಟಿರೋ ಏಳು ನಿಮಿಷ ಎಲ್ಲಿಂದ ಬಂತು ಗೊತ್ತಾ?”

“ಆರ್ಡರ್ ಇದೆ.”

“ನನ್ನ ಕಾಲಿಂದ ಬಂತು. ಈ ಬಲಗಾಲಿಂದ. ನೀನಿಲ್ಲಿ ಏಳು ನಿಮಿಷ ತಡೀತೀಯ, ಅಲ್ಲಿ ಬೆಟ್ಟದ ತಿರುವಲ್ಲಿ ನಾನು ಅದನ್ನ ತುಂಬಿಕೊಡ್ಬೇಕು. ಲೇಟಾದ್ರೆ ನೋಟಿಸ್ ಬರೋದು ನಂಗೆ. ನೀನು ಒಳ್ಳೆಯವಳಾಗ್ತೀಯ, ಬ್ರೇಕು ಒತ್ತೋನು ನಾನು.”

ತನ್ನ ಒಳ್ಳೆಯತನ ಇನ್ನೊಬ್ಬನ ಆಕ್ಸಿಲರೇಟರಿನ ಮೇಲೆ ಕೂತಿದೆ ಎಂದು ಆಕೆಗೆ ಹೊಳೆದಿರಲೇ ಇಲ್ಲ. [ನನಗೂ.] ಆ ತಿರುವುಗಳು, ಐವತ್ತೆರಡು ತಲೆಗಳು ಕಣ್ಣ ಮುಂದೆ ಬಂದವು. ಎಲ್ಲ ಬಸ್ಸುಗಳನ್ನೂ ಬಿಟ್ಟಳು. ಮರುದಿನ ಬೆಳಿಗ್ಗೆ ಗಡಿಯಾರನನ್ನು ಕರೆದುಕೊಂಡೇ ಮಹಡಿ ಹತ್ತಿದಳು.

“ಮೇಡಂ, ನಂಗೊಬ್ಬಳಿಗೆ ಕೊಟ್ರೆ ಇದು ನಡೆಯಲ್ಲ. ಇವರಿಗೂ ಕೊಡಿ. ನಾನು ನಿಲ್ಲಿ ಅಂದ್ರೆ ಆಗಲ್ಲ ಅನ್ನೋ ಅಧಿಕಾರ ಇವರಿಗಿರ್ಬೇಕು. ನಿಂತ್ರೆ, ಆ ನಿಮಿಷಾನ ದಾರೀಲಿ ತುಂಬಿಸಬಾರದು. ಲೇಟಾದದ್ದು ಕಿಟಕಿಯ ಹೆಸರಿಗೆ ಬರೀಲಿ.”

ಆ ಮಧ್ಯಾಹ್ನವೇ ಎರಡನೇ ಆದೇಶ ಬಂತು, ಮೊದಲಿನದಕ್ಕಿಂತಲೂ ಚಿಕ್ಕದು. ಒಂದು ಹಾರನ್ ಎಂದರೆ ಡ್ರೈವರ್ ಒಪ್ಪಿದ. ಎರಡು ಎಂದರೆ ಆಗಲ್ಲ. ಗಡಿಯಾರ ಒಂದು ವಾರ ಬರೀ ಎರಡೆರಡು ಹೊಡೆದ, ಆಗಲ್ಲ ಎನ್ನುವ ಸುಖಕ್ಕೇ. ಎಂಟನೇ ದಿನ, ಗಾಲಿಕುರ್ಚಿಯ ಹುಡುಗಿಯೊಬ್ಬಳಿಗಾಗಿ, ಒಂದು ಹೊಡೆದ. ಆಮೇಲೆ ಕಿಟಕಿಗೆ ಬಂದು, “ಹೂಂ ಅಂದ್ರೆ ಹೇಗಿರುತ್ತೆ ಅಂತ ನೋಡಿದೆ, ಅಷ್ಟೇ” ಎಂದು ಹೇಳಿಹೋದ.

೭

ಅತ್ತೆ ಬಂದರು.

ಅತ್ತೆಗೆ ಒಬ್ಬಳು ತಂಗಿ, ಬೆಟ್ಟದೂರಿನಲ್ಲಿ. ಒಂಬತ್ತು ವರ್ಷದಿಂದ ಮಾತಿಲ್ಲ. ಅವರಮ್ಮ ಬಿಟ್ಟುಹೋದ ಹೊಲಿಗೆ ಯಂತ್ರವನ್ನು ತಂಗಿ ಅಕ್ಕನನ್ನು ಒಂದು ಮಾತೂ ಕೇಳದೆ ತೆಗೆದುಕೊಂಡು ಹೋಗಿದ್ದಳು. ‘ಕೊಡ್ತಿರ್ಲಿಲ್ವಾ ನಾನು? ಕೇಳ್ಬೇಕಿತ್ತು’ ಎಂಬುದಷ್ಟೇ ಅತ್ತೆಯ ತಕರಾರು. ಅಷ್ಟಕ್ಕೇ ಒಂಬತ್ತು ವರ್ಷ.

ಒಂದು ಗುರುವಾರ ಬೆಳಿಗ್ಗೆ ತಂಗಿಯ ಮಗಳು ಫೋನ್ ಮಾಡಿದಳು. “ದೊಡ್ಡಮ್ಮಾ, ನಾಳೆ ಬೆಳಿಗ್ಗೆ ಏಳಕ್ಕೆ ಅಮ್ಮನಿಗೆ ಹಾರ್ಟ್ ಆಪರೇಷನ್. ಅಕ್ಕ ಬರ್ತಾಳಾ ಅಂತ ಎರಡು ಸಲ ಕೇಳಿದ್ಲು.”

“ಬರಲ್ಲ ಅಂತ ಹೇಳು,” ಎಂದರು ಅತ್ತೆ. ಆಮೇಲೆ ಚೀಲಕ್ಕೆ ಬಟ್ಟೆ ತುಂಬಿದರು. ತೆಗೆದರು. ಮತ್ತೆ ತುಂಬಿದರು. ಮಧ್ಯಾಹ್ನ ಊಟ ಬಿಟ್ಟರು. ಮಗ ರಜೆ ಹಾಕಿ ಸುಮ್ಮನೆ ಬಾಗಿಲ ಬಳಿ ಕೂತಿದ್ದ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಕೇಳಿಹೇಳಕ್ಕನ ಫೋನು ಹೊಡೆದುಕೊಂಡಿತು. ಆ ಕಡೆ ಗಂಡ.

“ಹೊರಟ್ವು! ಅಮ್ಮ ಟ್ಯಾಕ್ಸಿ ಹತ್ತಿದ್ಲು! ಸೇತುವೆ ಹತ್ರ ರಸ್ತೆ ಅಗೆದಿದಾರೆ ಕಣೇ, ಇಪ್ಪತ್ತೈದು ನಿಮಿಷ ಆಗುತ್ತೆ. ನಿಲ್ಲಿಸ್ತೀಯಾ?”

ಹದಿನಾಲ್ಕನೇ ನಂಬರು ಎದುರಿಗೇ ಗುರುಗುಡುತ್ತಿತ್ತು. ಗುರುತು ಪರಿಚಯವಿಲ್ಲದ ಎಷ್ಟೋ ಜನರಿಗೆ ಎತ್ತಿದ ಮೈಕು ಈಗ ಕೈಗೆ ಭಾರವಾಯಿತು. ತನ್ನ ಮನೆಯವರಿಗೆಂದು ನಿಲ್ಲಿಸಿದರೆ, ನಾಳೆಯಿಂದ ಈ ಮೈಕಿನಲ್ಲಿ ಹೇಳುವ ಯಾವ ಕಾರಣವನ್ನು ಜನ ನಂಬುತ್ತಾರೆ? ನಿಲ್ಲಿಸದಿದ್ದರೆ? ನಾಳೆ ಏಳು ಗಂಟೆಯ ನಂತರ ಅತ್ತೆಯ ಮುಖವನ್ನು ಜೀವಮಾನವಿಡೀ ಹೇಗೆ ನೋಡುವುದು?

ನಾನು ಬೇಗ ಬೇಗ ಬರೆದೆ. ಮುಕ್ತಾಯ ಅ: ಆಕೆ ಸುಳ್ಳು ಕಾರಣ ಹೇಳಿ ಬಸ್ಸು ನಿಲ್ಲಿಸುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಮುಕ್ತಾಯ ಆ: ನಿಯಮವನ್ನು ಎತ್ತಿಹಿಡಿದು ಬಸ್ಸನ್ನು ಬಿಡುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ. ಮುಕ್ತಾಯ ಇ: ಬಸ್ಸು ತಾನಾಗಿ ಕೆಟ್ಟುನಿಲ್ಲುತ್ತದೆ...

“ಪೆನ್ನು ಕೆಳಗಿಡ್ರೀ!” ಕಿಂಡಿಯಿಂದ ಸಿಡಿದಳು. “ಸುಳ್ಳೂ ಹೇಳಲ್ಲ, ಅಳೋದೂ ಇಲ್ಲ. ಕೆಟ್ಟುನಿಲ್ಲೋದಂತೆ! ಸುಮ್ನೆ ಕೂತ್ಕೊಂಡು ನೋಡಿ.”

ಪೆನ್ನು ಕೆಳಗಿಟ್ಟೆ.

ನಾಲ್ಕು ಹತ್ತಕ್ಕೆ ಮೈಕು ಕೆಮ್ಮಿತು.

“ಹದಿನಾಲ್ಕನೇ ನಂಬರಿನವರೇ. ಬೆಟ್ಟದೂರಿಗೆ ಹೋಗೋ ಒಬ್ಬರು ದಾರೀಲಿದಾರೆ. ನಾಳೆ ಅವರ ತಂಗಿಗೆ ದೊಡ್ಡ ಆಪರೇಷನ್. ಒಂಬತ್ತು ವರ್ಷ ಮಾತು ಬಿಟ್ಟಿದ್ರು, ಈಗ ಹೊರಟಿದಾರೆ. ಬರ್ತಿರೋದು ನನ್ನ ಅತ್ತೆ. ನನ್ನ ಸ್ವಂತ ಅತ್ತೆ. ಅದಕ್ಕೇ ಈ ನಿರ್ಧಾರ ನಾನು ಮಾಡಬಾರದು. ಗಡಿಯಾರಣ್ಣಾ, ನೀವು ಮಾಡಿ. ಹೋದ್ರೂ ನಂಗೆ ಬೇಜಾರಿಲ್ಲ.”

ಗಡಿಯಾರ ಎಡಗೈ ನೋಡಿಕೊಂಡ. ಬಲಗೈ ನೋಡಿಕೊಂಡ. ಎಲ್ಲರೂ ಹಾರನ್ನಿಗೆ ಕಿವಿಗೊಟ್ಟು ಕೂತರು. ಒಂದೂ ಬರಲಿಲ್ಲ, ಎರಡೂ ಬರಲಿಲ್ಲ. ಅವನು ಕೀಲಿ ತಿರುಗಿಸಿ ಇಂಜಿನ್ನನ್ನೇ ಆರಿಸಿಬಿಟ್ಟ.

ನಾಲ್ಕು ಹದಿನೇಳಕ್ಕೂ ಟ್ಯಾಕ್ಸಿ ಬರಲಿಲ್ಲ. ಬ್ರೀಫ್‌ಕೇಸಿನ ಒಬ್ಬ ಪ್ರಯಾಣಿಕ, “ನಮಗೂ ಮನೆ ಮಠ ಇದೆ ಸ್ವಾಮಿ” ಎಂದು ಗೊಣಗಿದ. ಕೇಳಿಹೇಳಕ್ಕ ಮತ್ತೆ ಮೈಕು ಹಿಡಿದಳು. “ಏಳು ನಿಮಿಷ ಮುಗೀತು. ಅಲ್ಲಿಗೆ ನನ್ನ ಅಧಿಕಾರ ಮುಗೀತು. ಹೊರಡಬಹುದು ಅಣ್ಣಾ. ಎಲ್ರಿಗೂ ಥ್ಯಾಂಕ್ಸ್.”

ಗಡಿಯಾರ ಕೆಳಗಿಳಿದು ಮೈಮುರಿದ. ಮೈಕು ಬೇಕಿಲ್ಲದ ಗಂಟಲು ಅವನದು. “ಏಳು ನಿಮಿಷ ಕಿಟಕೀದು! ಡ್ರೈವರಿಗೆ ಎಷ್ಟು ನಿಮಿಷ ಅಂತ ಆರ್ಡರಲ್ಲಿ ಬರ್ದಿಲ್ಲ! ನಾನು ಎರಡು ಸಲ ಓದಿದೀನಿ!”

ಬಸ್ಸು ಗೊಳ್ಳೆಂದಿತು. ನಾಲ್ಕು ಇಪ್ಪತ್ತೆರಡಕ್ಕೆ, ಫುಟ್‌ಬೋರ್ಡಿನ ಮೇಲೆ ನಿಂತು ಕತ್ತು ಉದ್ದ ಮಾಡಿ ರಸ್ತೆ ನೋಡುತ್ತಿದ್ದವನೊಬ್ಬ ಕಿರುಚಿದ: “ಬಂತು! ಬಂತು! ಟ್ಯಾಕ್ಸಿ ಬಂತು!” ಅದು ಬ್ರೀಫ್‌ಕೇಸಿನವನೇ.

ಅತ್ತೆ ಇಳಿದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮಗನದು. ಹಿಂದೆ ಚೀಲ ಹಿಡಿದ ಮಗ. ಇಡೀ ನಿಲ್ದಾಣ ತಮ್ಮನ್ನೇ ನೋಡುತ್ತಿರುವುದು ಕಂಡು ಗದರಿದರು: “ಏನ್ ನೋಡ್ತಾ ಕೂತಿದೀರಾ ಎಲ್ರೂ? ಹೊರಡಿ, ಹೊರಡಿ! ಎಷ್ಟು ಹೊತ್ತಾಯ್ತು!”

ಆಗೆದ್ದ ನಗುವಿಗೆ ಚಾವಣಿಯ ಪಾರಿವಾಳಗಳೆಲ್ಲ ಹಾರಿದವು.

ಬಸ್ಸು ಹತ್ತುವ ಮೊದಲು ಅತ್ತೆ ಕಿಂಡಿಗೆ ಬಂದರು. ಗಾಜಿನಾಚೆ ಅವರ ಮುಖ ಚಿಕ್ಕದಾಗಿ ಕಂಡಿತು.

“ಹೋಗಿ ಏನಂತ ಮಾತಾಡ್ಲೇ ಅವಳ ಹತ್ರ? ಹೇಳೇ.”

ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಅತ್ತೆ ಸೊಸೆಯನ್ನು ಕೇಳಿದ ಮೊದಲ ಪ್ರಶ್ನೆ ಅದು. ಕೇಳಿಹೇಳಕ್ಕ ಮುಂದಕ್ಕೆ ಬಾಗಿದಳು. ಕಿಂಡಿಯಿಂದ ಕೈ ಹೊರಹಾಕಿ ಅತ್ತೆಯ ಬೆರಳು ಹಿಡಿದಳು.

“ಅದನ್ನ ಮಾತ್ರ ಯಾರನ್ನೂ ಕೇಳ್ಬೇಡಿ ಅತ್ತೆ. ನಿಮಗೆ ಏನು ಬರುತ್ತೋ ಅದೇ ಸರಿ.”

೮

ಪುಸ್ತಕದಲ್ಲಿ ಬರೆದಳು: ‘ತಡೆದವರು: ಡ್ರೈವರ್. ಹನ್ನೆರಡು ನಿಮಿಷ. ಬಂದವರು: ನನ್ನ ಅತ್ತೆ.’ ಅದನ್ನು ಮ್ಯಾನೇಜರಿಗೆ ಕಳಿಸಿ, ಚಪ್ಪಲಿ ಕಾಲಿಗೆ ಹಾಕಿಕೊಂಡು ಕಿಟಕಿಯ ಪಕ್ಕದ ಬಾಗಿಲು ತೆರೆದು ಹೊರಬಂದಳು. ಒಂಬತ್ತನೇ ಪ್ಲಾಟ್‌ಫಾರಂನಲ್ಲಿ ಯಾರದೋ ಹೊರೆ ಬಿಚ್ಚಿಹೋಗಿ ಸಾಮಾನೆಲ್ಲ ಚೆಲ್ಲಿತ್ತು.

“ಮುಂದೇನಾಯ್ತು?” ಎಂದು ನಾನು ಹಿಂದೆ ಬಿದ್ದೆ. “ಅಕ್ಕ ತಂಗಿ ತಬ್ಬಿಕೊಂಡರಾ? ಅಥವಾ ಮಾತಿಲ್ಲದೆ ಕೈ ಹಿಡಿದುಕೊಂಡು ಕೂತರಾ? ಆಪರೇಷನ್ನು? ಓದುಗರು ಕೇಳುತ್ತಾರೆ. ಎರಡೂ ಬರೆದಿಟ್ಟಿದ್ದೇನೆ, ನೀವೇ ಒಂದು ಆರಿಸಿ.”

“ಬಸ್ಸು ಇನ್ನೂ ಮೊದಲನೇ ತಿರುವೂ ದಾಟಿಲ್ಲ ಕಣ್ರೀ. ಈಗಲೇ ಆಪರೇಷನ್ ಮುಗಿಸ್ತೀರಲ್ಲ! ನಂಗೆ ಕೆಲಸ ಇದೆ. ಐದು ನಿಮಿಷ ಕಿಟಕಿ ನೋಡ್ಕೊಳ್ಳಿ.”

ಹೋಗಿಯೇಬಿಟ್ಟಳು.

ಹಾಗಾಗಿ ಈಗ ನಾನು ಒಳಗಿದ್ದೇನೆ. ಕಿಂಡಿಯಿಂದ ಕಾಣುವ ಜನ ಬೆಂಚಿನಿಂದ ಕಾಣುವ ಜನರಂತಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಸೊಂಟದ ಮೇಲೆ ಮಗು ಹೊತ್ತ ಒಬ್ಬಳು ಏದುಸಿರು ಬಿಡುತ್ತ ಬಂದಳು.

“ಇಪ್ಪತ್ತೊಂದು ಹೊರಟೇಬಿಡ್ತಾ? ನಮ್ಮಪ್ಪ ಅಲ್ಲಿ ಗೇಟಲ್ಲಿದಾರೆ. ಬರ್ತಾರೆ, ಆದ್ರೆ ಮೆಲ್ಲಗೆ ಬರ್ತಾರೆ.”

ಗೇಟಿನಲ್ಲಿ ಹಳದಿ ಟೋಪಿಯ ಒಬ್ಬ ಮುದುಕ. ಕೋಲು ಊರುತ್ತಾನೆ, ನಿಲ್ಲುತ್ತಾನೆ, ಉಸಿರು ತೆಗೆದುಕೊಳ್ಳುತ್ತಾನೆ, ಮತ್ತೆ ಊರುತ್ತಾನೆ. ಇಪ್ಪತ್ತೊಂದರ ಬಾಗಿಲು ಹಾಕಿಕೊಳ್ಳುತ್ತಿದೆ. ಒಂಬತ್ತನೇ ಪ್ಲಾಟ್‌ಫಾರಂನಲ್ಲಿ ಕೇಳಿಹೇಳಕ್ಕ ನನಗೆ ಬೆನ್ನು ಮಾಡಿ ಹೊರೆ ಕಟ್ಟುತ್ತಿದ್ದಾಳೆ. ನಿಮ್ಮ ಕಡೆ ನೋಡಿದೆ. ನೀವೂ ಏನೂ ಹೇಳುತ್ತಿಲ್ಲ.

ಗುಂಡಿ ಒತ್ತಿದೆ.

“ಇಪ್ಪತ್ತೊಂದನೇ ನಂಬರಿನವರೇ,” ಎಂದೆ. ನನ್ನ ಸ್ವರ ಹನ್ನೆರಡು ಪ್ಲಾಟ್‌ಫಾರಂಗೂ ಹೋಗಿ ಗೋಡೆಗೆ ಬಡಿದು ತಿರುಗಿ ಬಂತು. “ಸ್ವಲ್ಪ ತಡೀರಿ. ಹಳದಿ ಟೋಪಿ ಹಾಕಿಕೊಂಡಿರೋ ಒಬ್ಬರು ಬರ್ತಿದಾರೆ. ಬೆಂಚಿನ ತನಕ ಬಂದ್ರು. ಈಗ ಕಂಬದ ಹತ್ರ ಇದಾರೆ. ಒಂದು ಗಳಿಗೆ ನಿಂತ್ರು, ಟೋಪಿ ಸರಿ ಮಾಡ್ಕೋತಿದಾರೆ. ಹಾಂ, ಮತ್ತೆ ಹೊರಟ್ರು ನೋಡಿ, ಬರ್ತಿದಾರೆ...”